ಕರ್ನಾಟಕದ ಜನಾನುರಂಜಕ ರಾಜಕಾರಣದಲ್ಲಿ ಬೈಸಿಕಲ್

ಕರ್ನಾಟಕದ ಜನಾನುರಂಜಕ ರಾಜಕಾರಣದಲ್ಲಿ ಬೈಸಿಕಲ್ ಪಡೆದ ಸ್ಥಾನವು ಮುಖ್ಯವಾಗಿ 2006–07ನೇ ಶೈಕ್ಷಣಿಕ ವರ್ಷದಲ್ಲಿ ಆರಂಭವಾದ ವಿದ್ಯಾರ್ಥಿಗಳ ಉಚಿತ ಬೈಸಿಕಲ್ ಯೋಜನೆಯೊಂದಿಗೆ ಬೆಸೆದುಕೊಂಡಿದೆ. ಜನತಾದಳ (ಜಾತ್ಯತೀತ) ಮತ್ತು ಭಾರತೀಯ ಜನತಾ ಪಕ್ಷಗಳ ಮೈತ್ರಿ ಸರಕಾರದಲ್ಲಿ ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದ ಬಿ. ಎಸ್. ಯಡಿಯೂರಪ್ಪನವರ ಹೆಸರಿನೊಂದಿಗೆ ಈ ಯೋಜನೆ ಗುರುತಿಸಲ್ಪಡುತ್ತದೆ. ಕೋವಿಡ್ ಅವಧಿಯಲ್ಲಿ, ಅಂದರೆ 2020–21ರಿಂದ, ಸೈಕಲ್ ವಿತರಣೆ ನಿಂತಿತು. ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಬ್ರಿಟನ್ನಿನಲ್ಲಿ, ಬಲಪಂಥೀಯ ಜನಾನುರಂಜಕ ಪಕ್ಷಗಳು ಸೈಕಲ್ ಸವಾರರ ಸೌಕರ್ಯಗಳನ್ನು ವಿರೋಧಿಸುತ್ತ ಬೆಳೆದಿವೆ. ಕರ್ನಾಟಕದಲ್ಲಿ ಬಲಪಂಥೀಯ ಪಕ್ಷವೊಂದರ ನಾಯಕರು ಸೈಕಲ್ಲನ್ನೇ ತಮ್ಮ ಕೊಡುಗೆಯಾಗಿ ಜನರ ಮುಂದಿಟ್ಟರು. ಈ ಲೇಖನವು ಆ ವ್ಯತ್ಯಾಸವನ್ನೂ, ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಯೋಜನೆಗಿದ್ದ ಮಹತ್ವವನ್ನೂ ವಿವರಿಸುತ್ತದೆ.

ಪದದ ಅರ್ಥ

ಸಮಾಜವನ್ನು ಒಂದು ಕಡೆ 'ಸಾಮಾನ್ಯ ಜನ', ಇನ್ನೊಂದು ಕಡೆ ಅವರ ಹಿತವನ್ನು ಕಡೆಗಣಿಸುವ 'ಗಣ್ಯರು' ಎಂದು ವಿಭಾಗಿಸಿ, ಸಾಮಾನ್ಯ ಜನರ ಏಕೈಕ ವಕ್ತಾರ ತಾನೇ ಎಂದು ಹೇಳಿಕೊಳ್ಳುವ ರಾಜಕಾರಣಕ್ಕೆ ರಾಜ್ಯಶಾಸ್ತ್ರದಲ್ಲಿ ಜನಾನುರಂಜಕತೆ ಅಥವಾ ಜನಪ್ರಿಯತಾವಾದ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ 'ಜನಪ್ರಿಯ ಯೋಜನೆ' ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಸರಕಾರ ಉಚಿತವಾಗಿ ನೀಡುವ ಅಕ್ಕಿ, ಸೀರೆ, ಸೈಕಲ್, ಪ್ರಯಾಣ ಮುಂತಾದವುಗಳಿಗೆ ಅದು ಅನ್ವಯಿಸುತ್ತದೆ. ಈ ಎರಡು ಅರ್ಥಗಳು ಬೆರೆತುಹೋಗುವುದರಿಂದ ಚರ್ಚೆಯಲ್ಲಿ ಗೊಂದಲ ಉಂಟಾಗುವುದುಂಟು. ಉಚಿತ ಯೋಜನೆ ಕೊಟ್ಟ ಸರಕಾರವೆಲ್ಲ ಮೊದಲನೆಯ ಅರ್ಥದಲ್ಲಿ ಜನಾನುರಂಜಕವಲ್ಲ. ಜನಾನುರಂಜಕ ಪಕ್ಷವೆಲ್ಲ ಉಚಿತ ಕೊಡುಗೆಗಳ ಪರವೂ ಅಲ್ಲ.

ಯೋಜನೆಯ ಆರಂಭ

ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದ ಸರಕಾರವು 2006ರ ಫೆಬ್ರವರಿಯಲ್ಲಿ ಅಧಿಕಾರಕ್ಕೆ ಬಂದಿತು. ಹೆಣ್ಣುಮಗುವಿನ ಹೆಸರಿನಲ್ಲಿ ಹಣ ತೊಡಗಿಸುವ ಭಾಗ್ಯಲಕ್ಷ್ಮಿ ಯೋಜನೆ ಮತ್ತು ಬೈಸಿಕಲ್ ಯೋಜನೆ ಎರಡೂ ಈ ಅವಧಿಯವು. ಮೊದಲಿಗೆ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ವಿದ್ಯಾರ್ಥಿನಿಯರಿಗಾಗಿ ರೂಪುಗೊಂಡ ಯೋಜನೆಯನ್ನು ಮುಂದೆ ಹುಡುಗರಿಗೂ, ಬಳಿಕ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೂ ವಿಸ್ತರಿಸಲಾಯಿತು. ವಿದ್ಯಾರ್ಥಿನಿಲಯಗಳಲ್ಲಿ ಇರುವವರು ಮತ್ತು ಬಸ್ ಪಾಸ್ ಪಡೆದವರು ಇದರ ವ್ಯಾಪ್ತಿಯಿಂದ ಹೊರಗಿದ್ದರು. ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದ್ದ ವರ್ಷಗಳಲ್ಲಿ ಸುಮಾರು ಐದು ಲಕ್ಷ ಸೈಕಲ್‌ಗಳು ವಿತರಣೆಯಾಗುತ್ತಿದ್ದವು.

ಎಂಟನೆಯ ತರಗತಿಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಮಗು ಊರು ಬಿಟ್ಟು ಪ್ರೌಢಶಾಲೆ ಇರುವ ಮತ್ತೊಂದು ಊರಿಗೆ ಹೋಗಬೇಕು. ಪ್ರೌಢಶಾಲೆ 5 ಕಿ.ಮೀ. ಒಳಗಿರಬೇಕೆಂಬುದು 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಗುರಿಯಾಗಿತ್ತು. ಗುರಿ ಈಡೇರಿದ ಕಡೆಯಲ್ಲೂ ಹೋಗಿಬರಲು ದಿನಕ್ಕೆ ಹತ್ತು ಕಿ.ಮೀ. ಆಗಬಹುದು. ಹೆಣ್ಣುಮಕ್ಕಳು ಶಾಲೆ ಬಿಡುವ ಘಟ್ಟವೂ ಹೆಚ್ಚಾಗಿ ಇದೇ ಆಗಿತ್ತು.

2008ರ ಮೇ 30ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ದಕ್ಷಿಣ ಭಾರತದಲ್ಲಿ ಭಾರತೀಯ ಜನತಾ ಪಕ್ಷದ ಮೊದಲ ಸರಕಾರವನ್ನು ರಚಿಸಿದರು. ಆ ಪಕ್ಷದ ಬೆಳವಣಿಗೆಯನ್ನು ಧಾರ್ಮಿಕ ಅಸ್ಮಿತೆಯ ದೃಷ್ಟಿಯಿಂದ ಮಾತ್ರ ನೋಡುವ ಬರಹಗಳು ಸೈಕಲ್, ಭಾಗ್ಯಲಕ್ಷ್ಮಿ, ರೈತರಿಗಾಗಿ ಪ್ರತ್ಯೇಕ ಆಯವ್ಯಯ ಇವುಗಳಿಗೆ ತಕ್ಕಷ್ಟು ಗಮನ ಕೊಡುವುದಿಲ್ಲ. 2013ರಲ್ಲಿ ಬಂದ ಕಾಂಗ್ರೆಸ್ ಸರಕಾರವು ಅನ್ನಭಾಗ್ಯ, ಕ್ಷೀರಭಾಗ್ಯಗಳ ಜೊತೆಗೆ ಸೈಕಲ್ ವಿತರಣೆಯನ್ನೂ ಮುಂದುವರಿಸಿತು.

ವಿತರಣೆಯ ಬಗೆಗೆ ದೂರುಗಳೂ ಇದ್ದವು. ಬಿಡಿಭಾಗಗಳಾಗಿ ಬರುತ್ತಿದ್ದ ಸೈಕಲ್‌ಗಳನ್ನು ಸ್ಥಳೀಯವಾಗಿ ಜೋಡಿಸಿ ಕೊಡಲಾಗುತ್ತಿತ್ತು. ಬ್ರೇಕ್ ಹಿಡಿಯದಿರುವುದು, ಚಕ್ರ ಡೊಂಕಾಗುವುದು, ಶಾಲೆ ಆರಂಭವಾಗಿ ತಿಂಗಳುಗಳು ಕಳೆದ ಮೇಲೆ ಸೈಕಲ್ ಕೈಸೇರುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾದ ಸಂಗತಿಗಳು. ಶಾಸಕರ ದಿನಾಂಕ ಸಿಗುವವರೆಗೆ ಸೈಕಲ್‌ಗಳನ್ನು ಶಾಲೆಯ ಆವರಣದಲ್ಲೇ ಸಾಲಾಗಿ ನಿಲ್ಲಿಸಿಡುವುದು ರೂಢಿಯಾಗಿತ್ತು.

ತೆಂಗಿನ ಸೀಮೆಯಲ್ಲಿ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ, ನೊಣವಿನಕೆರೆ ಮತ್ತು ಕಿಬ್ಬನಹಳ್ಳಿ. ತುರುವೇಕೆರೆಯ ಮಾಯಸಂದ್ರ, ದಂಡಿನಶಿವರ ಮತ್ತು ದಬ್ಬೇಘಟ್ಟ. ಚಿಕ್ಕನಾಯಕನಹಳ್ಳಿಯ ಹುಳಿಯಾರು, ಹಂದನಕೆರೆ, ಶೆಟ್ಟಿಕೆರೆ ಮತ್ತು ಕಂದಿಕೆರೆ ಹೋಬಳಿಗಳಲ್ಲಿ ತೆಂಗೇ ಮುಖ್ಯ ಬೆಳೆ. ಇಲ್ಲಿ ಅನೇಕ ಕುಟುಂಬಗಳು ಊರಿನ ಗುಂಪುಮನೆಗಳಲ್ಲಿ ವಾಸಿಸದೆ ತಮ್ಮ ತೋಟದ ಮನೆಗಳಲ್ಲಿ ನೆಲೆಸಿವೆ. ಬಸ್ಸು ಊರಿನವರೆಗೆ ಬಂದರೂ ತೋಟದ ಮನೆಯವರೆಗೆ ಬರುವುದಿಲ್ಲ. ಮುಖ್ಯರಸ್ತೆಗೆ ತಲಪಲು ಮಗು ಸಾಲುಮರಗಳ ನಡುವಿನ ಗಾಡಿದಾರಿಯಲ್ಲಿ ನಡೆಯಬೇಕು. ಇಂಥ ವಸತಿಕ್ರಮ ಇರುವ ಕಡೆ ಸೈಕಲ್ ಬಸ್ಸಿಗೆ ಪರ್ಯಾಯವಲ್ಲ, ಅದಕ್ಕೆ ಪೂರಕ. ಬಸ್ ಪಾಸ್ ಇದ್ದವರಿಗೆ ಸೈಕಲ್ ಇಲ್ಲವೆಂಬ ನಿಯಮವನ್ನು ರೂಪಿಸಿದವರು ಈ ಅಂಶವನ್ನು ಗಮನಿಸಿದಂತೆ ತೋರುವುದಿಲ್ಲ.

ಕುಟುಂಬದ ಆದಾಯದ ಸ್ವರೂಪವೂ ಇಲ್ಲಿ ಮುಖ್ಯ. ಕಿತ್ತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಸುಲಿದು ಒಡೆದು ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವವರೆಗೆ ಬೆಳೆಗಾರನ ಕೈಗೆ ಹಣ ಬರುವುದಿಲ್ಲ. ಶಾಲೆ ತೆರೆಯುವ ಜೂನ್ ತಿಂಗಳಿಗೂ ಕೊಬ್ಬರಿಯ ದುಡ್ಡು ಬರುವ ಕಾಲಕ್ಕೂ ಹೊಂದಿಕೆ ಇರಬೇಕೆಂದಿಲ್ಲ. 2023ರಲ್ಲಿ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಕನಿಷ್ಠ ಬೆಂಬಲ ಬೆಲೆ ನಿಗದಿಪಡಿಸಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದರು. ಅದೇ ವರ್ಷ ಎಂಟನೆಯ ತರಗತಿಗೆ ಸೇರಿದ ಮಕ್ಕಳಿಗೆ ಸರಕಾರದ ಸೈಕಲ್ ಇರಲಿಲ್ಲ.

ವಿತರಣೆಯ ಸ್ಥಗಿತ ಮತ್ತು ತಿಪಟೂರು

2018ರ ವಿಧಾನಸಭಾ ಚುನಾವಣೆಯಲ್ಲಿ ಈ ಮೂರೂ ಕ್ಷೇತ್ರಗಳನ್ನು ಭಾರತೀಯ ಜನತಾ ಪಕ್ಷ ಗೆದ್ದಿತು. ತಿಪಟೂರಿನಿಂದ ಆಯ್ಕೆಯಾದ ಬಿ. ಸಿ. ನಾಗೇಶ್ ಅವರು 2021ರ ಆಗಸ್ಟ್‌ನಿಂದ 2023ರ ಮೇ ತಿಂಗಳವರೆಗೆ ಬಸವರಾಜ ಬೊಮ್ಮಾಯಿ ಸಂಪುಟದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದರು. ಚಿಕ್ಕನಾಯಕನಹಳ್ಳಿಯ ಜೆ. ಸಿ. ಮಾಧುಸ್ವಾಮಿ ಅವರೂ ಅದೇ ಸಂಪುಟದಲ್ಲಿದ್ದರು. ಹೀಗೆ ಸೈಕಲ್ ಯೋಜನೆಯ ಹೊಣೆಯಿದ್ದ ಇಲಾಖೆಯು, ಆ ಯೋಜನೆಯನ್ನು ತಂದ ಪಕ್ಷದ ಸರಕಾರದಲ್ಲಿ, ತೆಂಗಿನ ಸೀಮೆಯ ಶಾಸಕರ ಕೈಯಲ್ಲೇ ಇತ್ತು. ಆದರೂ ಶಾಲೆಗಳು ಮತ್ತೆ ತೆರೆದ ಮೇಲೆ ವಿತರಣೆ ಪುನರಾರಂಭವಾಗಲಿಲ್ಲ.

ಆ ಅವಧಿಯಲ್ಲಿ ಇಲಾಖೆ ಸುದ್ದಿಯಲ್ಲಿದ್ದುದು ಬೇರೆ ವಿಷಯಗಳಿಗೆ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಮತ್ತು ಅದರ ಹಿಂದುಮುಂದಿನ ಹಿಜಾಬ್ ವಿವಾದ, ನಂತರ ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿಯ ಪಠ್ಯಪುಸ್ತಕ ಪರಿಷ್ಕರಣೆ ರಾಜ್ಯದಾದ್ಯಂತ ಚರ್ಚೆಗೆ ಕಾರಣವಾದವು. ಕೊಡುಗೆಯ ರಾಜಕಾರಣದಿಂದ ಅಸ್ಮಿತೆಯ ರಾಜಕಾರಣದ ಕಡೆಗೆ ಒತ್ತು ಸರಿದುದಕ್ಕೆ ಈ ಇಲಾಖೆಯ ಇತಿಹಾಸವೇ ನಿದರ್ಶನ ಎನ್ನಬಹುದು. ರಾಷ್ಟ್ರಮಟ್ಟದಲ್ಲೂ ಅದೇ ವರ್ಷದ ಜುಲೈ 16ರಂದು ಪ್ರಧಾನಿ ನರೇಂದ್ರ ಮೋದಿಯವರು ಉಚಿತ ಕೊಡುಗೆಗಳನ್ನು 'ರೇವಡಿ' ಸಂಸ್ಕೃತಿ ಎಂದು ಟೀಕಿಸಿದರು. ಆ ಭಾಷಣ ನಡೆದದ್ದು ಉತ್ತರ ಪ್ರದೇಶದ ಜಾಲೌನ್‌ನಲ್ಲಿ, ಬುಂದೇಲಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯ ಸಂದರ್ಭದಲ್ಲಿ.

2023ರ ಚುನಾವಣೆಯಲ್ಲಿ ಮೂರೂ ಕ್ಷೇತ್ರಗಳು ಕೈತಪ್ಪಿದವು. ತಿಪಟೂರು ಕಾಂಗ್ರೆಸ್ಸಿಗೂ ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಜನತಾದಳಕ್ಕೂ ಹೋದವು. ಹೊಸ ಕಾಂಗ್ರೆಸ್ ಸರಕಾರವು 2023ರ ಜೂನ್ 11ರಂದು ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆಯನ್ನು ಜಾರಿಗೊಳಿಸಿತು. ಸೈಕಲ್ ವಿತರಣೆಯನ್ನು ಅದೂ ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಬಸ್ಸು ಬರುವ ಊರಿನ ವಿದ್ಯಾರ್ಥಿನಿಗೆ ಶಕ್ತಿ ಯೋಜನೆ ದೊಡ್ಡ ಅನುಕೂಲವೇ ಸರಿ. ಬಸ್ಸು ಬಾರದ ತೋಟದ ಮನೆಯ ಹುಡುಗಿಗೂ, ಎಲ್ಲ ಊರುಗಳ ಹುಡುಗರಿಗೂ ಅದರಿಂದ ದೊರೆಯುವುದು ಏನೂ ಇಲ್ಲ.

ಇತರ ರಾಜ್ಯಗಳು

ತಮಿಳುನಾಡು, ಛತ್ತೀಸಗಢ, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳಲ್ಲಿಯೂ ಇಂಥ ಯೋಜನೆಗಳಿವೆ. ಅವುಗಳ ಪೈಕಿ ಹೆಚ್ಚು ಅಧ್ಯಯನಕ್ಕೆ ಒಳಗಾದುದು ಬಿಹಾರದಲ್ಲಿ 2006ರಲ್ಲಿ ಆರಂಭವಾದ, ಒಂಬತ್ತನೆಯ ತರಗತಿಯ ಬಾಲಕಿಯರ ಯೋಜನೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರಿಂದ ಬಾಲಕಿಯರ ಪ್ರೌಢಶಾಲಾ ದಾಖಲಾತಿ ಶೇ. 32ರಷ್ಟು ಏರಿತು, ಬಾಲಕ ಬಾಲಕಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚಾಗಿತ್ತು. ರಾಜಸ್ಥಾನದಲ್ಲಿ ಸೈಕಲ್ಲಿನ ಬಣ್ಣವೇ ವಿವಾದವಾಯಿತು. ಭಾರತೀಯ ಜನತಾ ಪಕ್ಷದ ಸರಕಾರ 2017ರಲ್ಲಿ ಕೇಸರಿ ಬಣ್ಣದ ಸೈಕಲ್ ಕೊಟ್ಟರೆ, ಕಾಂಗ್ರೆಸ್ ಸರಕಾರ 2019ರಲ್ಲಿ ಕಪ್ಪು ಬಣ್ಣಕ್ಕೆ ಮರಳಿತು.

ಬ್ರಿಟನ್ನಿನೊಂದಿಗೆ ಹೋಲಿಕೆ

ಬ್ರಿಟನ್ನಿನಲ್ಲಿ ಸೈಕಲ್ ಮತ್ತು ಬಲಪಂಥೀಯ ರಾಜಕಾರಣದ ಸಂಬಂಧ ಮೊದಲಿನಿಂದಲೂ ವೈರದ್ದಾಗಿರಲಿಲ್ಲ. 2016ರ ಜೂನ್ 23ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬರುವ ಪಕ್ಷದ ಮುಂದಾಳಾಗಿದ್ದ ಬೋರಿಸ್ ಜಾನ್ಸನ್ ಸ್ವತಃ ಸೈಕಲ್ ಸವಾರರು. ಅವರು ಲಂಡನ್ನಿನ ಮೇಯರ್ ಆಗಿದ್ದಾಗ 2010ರಲ್ಲಿ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. ಪ್ರಧಾನಿಯಾಗಿದ್ದಾಗ 2020ರ ಜುಲೈನಲ್ಲಿ ನಡಿಗೆ ಮತ್ತು ಸೈಕಲ್ಲಿಗಾಗಿ 200 ಕೋಟಿ ಪೌಂಡುಗಳ ಕಾರ್ಯಕ್ರಮವನ್ನು ಘೋಷಿಸಿದರು. ವಸತಿ ಬೀದಿಗಳಲ್ಲಿ ಕಾರುಗಳು ಹಾದುಹೋಗದಂತೆ ತಡೆಯೊಡ್ಡುವ 'ಕಡಿಮೆ ಸಂಚಾರದ ಬಡಾವಣೆ'ಗಳು ಆಗ ವೇಗವಾಗಿ ಹೆಚ್ಚಿದವು.

ವಿರೋಧ ಹುಟ್ಟಿದ್ದು ಈ ಬಡಾವಣೆಗಳಿಂದ. 2023ರ ಜುಲೈ 20ರಂದು ಜಾನ್ಸನ್ ತೆರವುಗೊಳಿಸಿದ್ದ ಅಕ್ಸ್‌ಬ್ರಿಜ್ ಕ್ಷೇತ್ರದ ಉಪಚುನಾವಣೆಯಲ್ಲಿ, ಹಳೆಯ ವಾಹನಗಳ ಮೇಲೆ ಲಂಡನ್ ವಿಧಿಸುವ ಮಾಲಿನ್ಯ ಶುಲ್ಕದ ವಿಸ್ತರಣೆಯನ್ನು ವಿರೋಧಿಸಿ ಕನ್ಸರ್ವೇಟಿವ್ ಪಕ್ಷ 495 ಮತಗಳಿಂದ ಗೆದ್ದಿತು. ಆ ಬಳಿಕ ಪ್ರಧಾನಿ ರಿಷಿ ಸುನಕ್ ಅವರ ಸರಕಾರ ಅಕ್ಟೋಬರಿನಲ್ಲಿ ಕಾರು ಚಾಲಕರ ಪರವಾದ ಯೋಜನೆಯೊಂದನ್ನು ಪ್ರಕಟಿಸಿತು. ನೈಜಲ್ ಫರಾಜ್ ನೇತೃತ್ವದ ರಿಫಾರ್ಮ್ ಯುಕೆ ಪಕ್ಷವು ಇನ್ನೂ ಮುಂದೆ ಹೋಗಿ, ಮಾಲಿನ್ಯ ಶುಲ್ಕ ವಲಯಗಳನ್ನೂ ಕಡಿಮೆ ಸಂಚಾರದ ಬಡಾವಣೆಗಳನ್ನೂ ನಿಷೇಧಿಸುವುದಾಗಿ 2024ರ ಪ್ರಣಾಳಿಕೆಯಲ್ಲಿ ಹೇಳಿತು. ಆ ವರ್ಷ ಅದು ಸುಮಾರು ಶೇ. 14 ಮತ ಮತ್ತು 5 ಸ್ಥಾನ ಪಡೆಯಿತು. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ಹತ್ತು ಆಡಳಿತ ಮಂಡಳಿಗಳು ಅದರ ಕೈಸೇರಿದವು. ಅಲ್ಲಿರುವ ಇಂಥ ಬಡಾವಣೆಗಳನ್ನು ತೆಗೆಸುವುದಾಗಿ ಪಕ್ಷ ಸಾರಿತು. ಆ ಮಂಡಳಿಗಳಲ್ಲಿ ಅವು ಇಲ್ಲವೇ ಇಲ್ಲವೆಂದು ಪತ್ರಿಕೆಗಳು ಬರೆದವು.

ಬಸವಣ್ಣನವರ ಪ್ರತಿಮೆಯಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಲಂಡನ್ನಿನ ಲ್ಯಾಂಬೆತ್ ಕೂಡ ಈ ವಿವಾದದ ಕೇಂದ್ರಗಳಲ್ಲೊಂದು. ಅಲ್ಲಿನ ಸ್ಟ್ರೆಟಮ್ ವೆಲ್ಸ್ ಬಡಾವಣೆಯ ತಡೆಗಳನ್ನು ಬಸ್ಸುಗಳು ವಿಳಂಬವಾಗುತ್ತಿವೆಯೆಂಬ ಕಾರಣಕ್ಕೆ 2024ರ ಮಾರ್ಚ್‌ನಲ್ಲಿ ಸ್ಥಗಿತಗೊಳಿಸಲಾಯಿತು. ವಿರೋಧಿಸಿದವರೆಲ್ಲ ಬಲಪಂಥೀಯರಲ್ಲ ಎಂಬುದಕ್ಕೆ ಇದನ್ನು ನೆನೆಯಬಹುದು. ಲ್ಯಾಂಬೆತ್ ಆಡಳಿತ ಆಗ ಲೇಬರ್ ಪಕ್ಷದ್ದಾಗಿತ್ತು.

ಎರಡು ಕಡೆಗಳ ವ್ಯತ್ಯಾಸ 'ಸಾಮಾನ್ಯ ಜನ' ಯಾರೆಂಬುದರಲ್ಲಿದೆ. ಬ್ರಿಟನ್ನಿನ ಈ ರಾಜಕಾರಣದಲ್ಲಿ ಕಾರು ಓಡಿಸುವವನು ಸಾಮಾನ್ಯ, ಸೈಕಲ್ ಸವಾರ ನಗರದ ಗಣ್ಯ. ತಿಪಟೂರಿನಲ್ಲಿ ಸೈಕಲ್ ತುಳಿಯುವವನು ವಿದ್ಯಾರ್ಥಿ, ಎಳನೀರು ಮಾರುವವನು ಅಥವಾ ಕೂಲಿಯವನು. ಅವನನ್ನು ಗಣ್ಯನೆಂದು ಯಾವ ಪಕ್ಷವೂ ಕರೆಯಲಾರದು. ಆದರೆ ಅವನಿಗೆ ಸೈಕಲ್ ಕೊಟ್ಟ ಪಕ್ಷಗಳು ರಸ್ತೆಯಲ್ಲಿ ಜಾಗ ಕೊಡುವ ಮಾತಾಡಲಿಲ್ಲ.

ಸವಾರರ ಸುರಕ್ಷತೆ

ತಿಪಟೂರಿನ ಮೂಲಕ ಹಾಯುವ ತುಮಕೂರು–ಶಿವಮೊಗ್ಗ ಹೆದ್ದಾರಿ (ಹಳೆಯ ಸಂಖ್ಯೆ 206) ಚತುಷ್ಪಥವಾಗಿ ವಿಸ್ತರಣೆಯಾಗುತ್ತಿದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ರಾಷ್ಟ್ರೀಯ ಹೆದ್ದಾರಿ 150ಎ ಜೋಡಿಸುತ್ತದೆ. ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯ ಒಂದು ಬದಿಯಲ್ಲಿ ಮನೆ, ಇನ್ನೊಂದು ಬದಿಯಲ್ಲಿ ಶಾಲೆ ಇದ್ದರೆ ಸೈಕಲ್ ಸವಾರನು ತಿರುವಿನವರೆಗೆ ಹೋಗಿ ಬರಬೇಕು, ಇಲ್ಲವೇ ಎದುರು ದಿಕ್ಕಿನಲ್ಲಿ ಸಾಗಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳೊಂದಿಗೆ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಲಾಗಿದ್ದು, ಅವು ಸೇವಾ ರಸ್ತೆಯನ್ನೇ ಬಳಸಬೇಕು.

ಸೈಕಲ್ಲಿಗೆ ಚಾಲನಾ ಪರವಾನಗಿಯಾಗಲಿ ವಿಮೆಯಾಗಲಿ ಬೇಕಿಲ್ಲ. ಮೋಟಾರು ವಾಹನ ಡಿಕ್ಕಿಯಾಗಿ ಗಾಯಗೊಂಡ ಸೈಕಲ್ ಸವಾರನು, ಅಥವಾ ಮೃತಪಟ್ಟರೆ ಅವನ ಅವಲಂಬಿತರು, 1988ರ ಮೋಟಾರು ವಾಹನ ಕಾಯ್ದೆಯಡಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಬಹುದು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ.