ಮಿನರಲ್ ಕಿಂಗ್ ಕಣಿವೆಯ ಹಿಮವಿಹಾರ ಯೋಜನೆ: ಒಂದು ಪರಿಶೀಲನೆ

ಉದ್ಯಮವೊಂದರ ಸಾಧ್ಯಾಸಾಧ್ಯತೆಯನ್ನು ತೂಗುವಾಗ ತಖ್ತೆಯೊಳಗೆ ಸೇರದ ಬಾಬುಗಳೇ ಕೊನೆಗೆ ಅದರ ಭವಿತವ್ಯವನ್ನು ನಿರ್ಣಯಿಸುವುದುಂಟು. ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ವೃತ್ತಿಯಾದ ನನಗೆ ಈ ಮಾತಿಗೆ ಕ್ಯಾಲಿಫೋರ್ನಿಯದ ಮಿನರಲ್ ಕಿಂಗ್ ಕಣಿವೆಯ ಇತಿವೃತ್ತಕ್ಕಿಂತ ಉತ್ತಮವಾದ ನಿದರ್ಶನ ದೊರೆತಿಲ್ಲ.

ಸಿಯೆರಾ ನೆವಾಡ ಶ್ರೇಣಿಯಲ್ಲಿ ಸುಮಾರು 7,500 ಅಡಿ ಎತ್ತರದಲ್ಲಿರುವ ಈ ಕಣಿವೆಗೆ 1870ರ ದಶಕದಲ್ಲಿ ಬೆಳ್ಳಿಯ ಆಸೆಯಿಂದ ಜನರು ನುಗ್ಗಿದರು. 1879ರಲ್ಲಿ ನೂರಾರು ತಿರುವುಗಳ ದಾರಿಯೊಂದಾಯಿತು; ಬೆಳ್ಳಿ ಮಾತ್ರ ಕೈಗೆ ಹತ್ತಲಿಲ್ಲ. 1926ರಲ್ಲಿ ಕಾನೂನಿನ ಮೂಲಕ ಇದು ವನ್ಯಮೃಗಗಳ ಆಶ್ರಯಸ್ಥಾನವೆನಿಸಿತು.

ಹಿಮಜಾರಾಟದ ಬೇಡಿಕೆ ಬೆಳೆದಂತೆ ಅರಣ್ಯ ಇಲಾಖೆ 1965ರಲ್ಲಿ ಯೋಜನೆಗಳನ್ನು ಆಹ್ವಾನಿಸಿತು. ಆರು ಮಂದಿ ಸ್ಪರ್ಧಿಗಳಲ್ಲಿ ವಾಲ್ಟ್ ಡಿಸ್ನಿಯವರ ಸಂಸ್ಥೆ ಆಯ್ಕೆಯಾಯಿತು. 1966ರಲ್ಲಿ ಡಿಸ್ನಿ ತೀರಿಕೊಂಡರೂ ಕಾರ್ಯ ನಿಲ್ಲಲಿಲ್ಲ. 1969ರ ಜನವರಿಯಲ್ಲಿ ಮಂಜೂರಾದ ಯೋಜನೆಯ ಅಂದಾಜು ಮೂರೂವರೆ ಕೋಟಿ ಡಾಲರು; ಕಣಿವೆಯ ತಳದಲ್ಲಿ 80 ಎಕರೆ, 30 ವರ್ಷಗಳ ಪರವಾನಗಿ, ದಿನವೊಂದಕ್ಕೆ 14,000 ಸಂದರ್ಶಕರು. ಹಿಮವಿದ್ದಿತು, ಇಳಿಜಾರಿದ್ದಿತು, ಬಂಡವಾಳವೂ ಇದ್ದಿತು. ಕಾಗದದ ಮೇಲೆ ಆಕ್ಷೇಪಿಸತಕ್ಕದ್ದೇನೂ ಕಾಣದು.

ಆದರೆ ಎರಡು ಬಾಬುಗಳು ಹೊರಗುಳಿದಿದ್ದವು. ಮೊದಲನೆಯದು ರಸ್ತೆ. ರಾಜ್ಯಸರ್ಕಾರ ನಿರ್ಮಿಸಬೇಕಾಗಿದ್ದ 20 ಮೈಲಿಗಳ ಹೆದ್ದಾರಿಯ ಒಂದು ಭಾಗ ಸಿಕ್ವೋಯ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು ಹೋಗುತ್ತಿದ್ದಿತು. ಎರಡನೆಯದು, ಕಣಿವೆಯ ಪರವಾಗಿ ಮಾತನಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ. 1969ರ ಜೂನ್‌ನಲ್ಲಿ ಸಿಯೆರಾ ಕ್ಲಬ್ ದಾವೆ ಹೂಡಿತು.

ನ್ಯಾಯಾಲಯವೇ ಕಣಿವೆಯನ್ನು ಉಳಿಸಿತೆಂಬ ಮಾತು ಸರಿಯಲ್ಲ. 1972ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರು ಮತಗಳಿಂದ ಕ್ಲಬ್ಬಿಗೆ ವಿರುದ್ಧವಾಗಿಯೇ ತೀರ್ಪಿತ್ತಿತು. ತನ್ನ ಸದಸ್ಯರಿಗೆ ಆಗುವ ಹಾನಿಯನ್ನು ಅದು ನಿವೇದಿಸಿರಲಿಲ್ಲವೆಂಬುದೇ ಕಾರಣ. ಮರಗಳ, ಕಣಿವೆಗಳ ಹೆಸರಿನಲ್ಲಿಯೇ ದಾವೆ ಸಲ್ಲಬೇಕೆಂಬ ನ್ಯಾಯಮೂರ್ತಿ ಡಗ್ಲಾಸರ ಪ್ರಸಿದ್ಧ ವಾದ ಭಿನ್ನಮತವಷ್ಟೆ. ಆದರೆ ತೀರ್ಪು ದಾರಿಯನ್ನು ಪೂರ್ತಿ ಮುಚ್ಚಿರಲಿಲ್ಲ. ಕ್ಲಬ್ಬು ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಿತು. ಅಷ್ಟರಲ್ಲಿ, 1970ರಿಂದ ಜಾರಿಗೆ ಬಂದ ಕಾಯಿದೆ ಪರಿಸರದ ಮೇಲಣ ಪರಿಣಾಮದ ವರದಿಯನ್ನು ಕಡ್ಡಾಯಗೊಳಿಸಿದ್ದಿತು. ವರ್ಷಗಳು ಉರುಳಿದವು. 1978ರಲ್ಲಿ ಕಾಂಗ್ರೆಸ್ಸು ಕಣಿವೆಯನ್ನು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿದುದರಿಂದ ಯೋಜನೆ ಕೊನೆಗಂಡಿತು.

ಮೊಕದ್ದಮೆಯಲ್ಲಿ ಸೋತವರು ಕಾಲವನ್ನು ಗೆದ್ದುಕೊಂಡರು. ಆ ಕಾಲವೇ ಕಣಿವೆಯನ್ನು ಕಾಯಿತು. ಹಿಮದಲ್ಲಿ ವಿಹರಿಸಬಯಸಿದವರ ಆಸೆಯೂ ಅನ್ಯಾಯವಾದುದಲ್ಲ. ಆದರೆ ಇಳಿಜಾರನ್ನು ಅಳೆದವರು ದಾರಿಯ ಬೆಲೆಯನ್ನೂ ಅಳೆಯಬೇಕಾಗಿದ್ದಿತು. ನಮ್ಮ ಮೇಜಿನ ಮೇಲೆ ಬರುವ ಯಾವ ಬೆಟ್ಟದ ಯೋಜನೆಗೂ ಈ ಮಾತು ಸಲ್ಲುತ್ತದೆ.