ಕಾವಲು (ಪದ)

ಕಾವಲು ಕನ್ನಡದ ನಿತ್ಯಬಳಕೆಯ ಒಂದು ನಾಮಪದ. ಪಹರೆ, ರಕ್ಷಣೆ ಎಂಬ ಸಾಮಾನ್ಯ ಅರ್ಥದ ಜೊತೆಗೆ, ಹಳೆಯ ಮೈಸೂರು ಪ್ರಾಂತ್ಯದಲ್ಲಿ ಇದು ದನಗಳ ಮೇವಿಗಾಗಿ ಕಾಯ್ದಿರಿಸಿದ ಭೂಮಿಯನ್ನೂ ಸೂಚಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಪರಿಸರದಲ್ಲಿ ಎರಡನೆಯ ಅರ್ಥವು ಇಂದಿಗೂ ರೂಢಿಯಲ್ಲಿದೆ.

ವ್ಯುತ್ಪತ್ತಿ

'ರಕ್ಷಿಸು' ಎಂಬ ಅರ್ಥದ 'ಕಾಯು' ಧಾತುವಿಗೆ ಈ ಪದ ಸಂಬಂಧಿಸಿದೆ. ತಮಿಳಿನ 'ಕಾವಲ್', ತೆಲುಗಿನ 'ಕಾವಲಿ' ಇದರ ಜ್ಞಾತಿಪದಗಳು. 'ದನ ಕಾಯು' ಎಂಬಲ್ಲಿ ಮೇಯಿಸುವುದೂ ರಕ್ಷಿಸುವುದೂ ಒಂದೇ ಕ್ರಿಯೆಯಾಗಿವೆ. 'ನೀರು ಕಾಯಿತು' ಎಂಬಲ್ಲಿನ 'ಕಾಯು' ಬಿಸಿಯಾಗುವುದನ್ನು ಹೇಳುವ ಬೇರೆ ಧಾತು. ದೋಸೆ ಹುಯ್ಯುವ 'ಕಾವಲಿ'ಗೂ ಪಹರೆಯ ಅರ್ಥವಿಲ್ಲ.

ಅರ್ಥಗಳು

* ಪಹರೆ: ಹೊಲದ ಕಾವಲು, ಕಾವಲುಗಾರ, ಕಾವಲುನಾಯಿ.
* ಮೇಲ್ವಿಚಾರಣೆ, ಎಚ್ಚರ: ಕಣ್ಗಾವಲು.
* ಮೇವಿನ ಭೂಮಿ: ಹುಲ್ಲು + ಕಾವಲು = ಹುಲ್ಲುಗಾವಲು (ಆದೇಶ ಸಂಧಿ).
* ಸ್ಥಳನಾಮ: ಬೆಂಗಳೂರಿನ ಕಾವಲ್ ಭೈರಸಂದ್ರ, ಜಾರಕಬಂಡೆ ಕಾವಲ್.

ಅಮೃತ ಮಹಲ್ ಕಾವಲು

ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಸಿದನು. ಈ ಇಲಾಖೆಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಗೋಮಾಳವು ಗ್ರಾಮದ ದನಕರುಗಳ ಮೇವಿಗೆ ಬಿಟ್ಟ ಭೂಮಿ. ಕಾವಲು ಮೂಲತಃ ಸರ್ಕಾರಿ ದನಗಳಿಗೆ ಮೀಸಲಾದುದು. ಆದುದರಿಂದ ಇವೆರಡೂ ಸಮಾನಾರ್ಥಕಗಳಲ್ಲ. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗರೂ ಕಾವಲುಗಳಲ್ಲಿ ದನ, ಕುರಿ ಮೇಯಿಸುತ್ತ ಬಂದರು.

ಚಳ್ಳಕೆರೆಯಲ್ಲಿ ಅರ್ಥದ ಪ್ರಶ್ನೆ

2010ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ಭೂಮಿಯು ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಮೊದಲಾದವುಗಳಿಗೆ ಹಂಚಿಕೆಯಾಯಿತು. ಆವರಣ ಗೋಡೆಗಳು ಎದ್ದ ಬಳಿಕ ಮೇವಿನ ಹಾದಿ ಮುಚ್ಚಿತೆಂದು ಹಳ್ಳಿಗರು ಪ್ರತಿಭಟಿಸಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠವು 2014ರಲ್ಲಿ ಈ ಪ್ರಕರಣದ ತೀರ್ಪು ನೀಡಿತು. ಹೀಗೆ ಒಂದೇ ನೆಲದಲ್ಲಿ ಪದದ ಎರಡು ಅರ್ಥಗಳು ಎದುರುಬದುರಾದವು: ಮೇವಿಗಾಗಿ ಕಾಯ್ದ ಬಯಲು ಒಂದು, ಜನರ ಪ್ರವೇಶವನ್ನು ತಡೆಯುವ ಪಹರೆ ಇನ್ನೊಂದು.

ಅನುವಾದದಲ್ಲಿ

ಇಂಗ್ಲಿಷ್ ಆಡಳಿತ ದಾಖಲೆಗಳು ಈ ಪದವನ್ನು ಅನುವಾದಿಸದೆ 'ಕಾವಲ್' ಎಂದೇ ಉಳಿಸಿಕೊಂಡಿವೆ. ಇದನ್ನು 'ಬಂಜರು' ಎಂದು ತಿಳಿದರೆ ಮೇವಿನ ಬಳಕೆಯೂ, 'ಅರಣ್ಯ' ಎಂದು ತಿಳಿದರೆ ಹುಲ್ಲುಬಯಲಿನ ಸ್ವರೂಪವೂ ಮರೆಯಾಗುತ್ತವೆ. ಕೃಷ್ಣಮೃಗದಂತಹ ಪ್ರಾಣಿಗಳಿಗೆ ಇಂತಹ ತೆರೆದ ಬಯಲೇ ನೆಲೆ.