ಸ್ಟ್ರೌಸ್‌ನ ‘ನಾಲ್ಕು ಕೊನೆಯ ಹಾಡುಗಳು’: ಧ್ವನಿಮುದ್ರಿಕೆಗಳಲ್ಲಿ ಸೊಪ್ರಾನೋ ಕಂಠ

ರಿಚರ್ಡ್ ಸ್ಟ್ರೌಸ್ 1948ರಲ್ಲಿ ಸೊಪ್ರಾನೋ ಕಂಠಕ್ಕೂ ವಾದ್ಯವೃಂದಕ್ಕೂ ಬರೆದ ನಾಲ್ಕು ಜರ್ಮನ್ ಹಾಡುಗಳಲ್ಲಿ ಮೂರು ಹರ್ಮನ್ ಹೆಸ್ಸೆಯ ಕವಿತೆಗಳು, ಒಂದು ಐಖೆನ್‌ಡಾರ್ಫ್‌ನದು. ‘ನಾಲ್ಕು ಕೊನೆಯ ಹಾಡುಗಳು’ ಎಂಬ ಹೆಸರು ಕೊಟ್ಟವರು ಪ್ರಕಾಶಕ ಅರ್ನ್ಸ್ಟ್ ರೋಟ್. ಅಷ್ಟರಲ್ಲಿ ಸ್ಟ್ರೌಸ್ ತೀರಿಕೊಂಡಿದ್ದರು. ಇವಕ್ಕೆ ತಿಳಿಯಾದ, ಹಗುರ ಕಂಠವೇ ಒಪ್ಪುತ್ತದೆಂಬ ಅಭಿಪ್ರಾಯ ರಸಿಕರಲ್ಲಿ ಬೇರೂರಿದೆ. ಈ ಅಭಿರುಚಿಯನ್ನು ಬೆಳೆಸಿದ್ದು ಸ್ವರಲಿಪಿಗಿಂತ ಹೆಚ್ಚಾಗಿ ಸ್ಟುಡಿಯೋ ಎಂಬುದು ಈ ಲೇಖನದ ವಾದ.

ಮೊದಲ ಸಾಕ್ಷ್ಯಕ್ಕೆ ನಾವು ಮೈಸೂರಿಗೆ ಋಣಿಗಳು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇವನ್ನು ಮೊದಲ ಬಾರಿ ಹಾಡಿದರು. ಕಛೇರಿಗೆ 4,800 ಡಾಲರಿನ ಖಾತರಿ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ತಾವು ಹೋಗಲಾಗದಿದ್ದರೂ ಮುದ್ರಿಕೆ ತಮ್ಮ ಸಂಗ್ರಹಕ್ಕೆ ಬರಲೆಂಬುದು ಅವರ ಆಸೆ.

ಆ ಮುದ್ರಣದ ತುಂಬ ಗರಗರ ಸದ್ದು. ಆಗ ಫ್ಲಾಗ್‌ಸ್ಟಾಡ್‌ಗೆ ಐವತ್ತನಾಲ್ಕು. ‘ವಸಂತ’ ಹಾಡಿನ ತಾರಸ್ಥಾಯಿಯ ‘ಬಿ’ ಸ್ವರವನ್ನು ಅವರು ಮುಟ್ಟುವುದೇ ಇಲ್ಲ. ಇದನ್ನೇ ಎತ್ತಿ ಹಿಡಿದು ಮುದ್ರಣವನ್ನು ಬದಿಗೆ ಸರಿಸುವವರಿದ್ದಾರೆ. ಆದರೆ ಈ ಹಾಡುಗಳನ್ನು ಮೊದಲು ಫ್ಲಾಗ್‌ಸ್ಟಾಡ್ ಹಾಡಲಿ ಎಂದು ಬಯಸಿದವರು ಸ್ಟ್ರೌಸ್ ಅವರೇ. ವಾಗ್ನರ್‌ನ ಸಂಗೀತನಾಟಕಗಳಲ್ಲಿ ಇಡೀ ವಾದ್ಯವೃಂದವನ್ನು ಮೀರಿ ಕೇಳಿಸುತ್ತಿದ್ದ ಭಾರಿ ಕಂಠ ಅದು. ‘ಸಂಜೆಗೆಂಪಿನಲ್ಲಿ’ ಹಾಡಿನ ಕೆಳಸ್ಥಾಯಿಯಲ್ಲಿ ಅದರ ಗಾತ್ರ ಸವೆದ ತಟ್ಟೆಯಲ್ಲೂ ತಿಳಿಯುತ್ತದೆ.

ಮುಂದಿನ ಮೂರೇ ವರ್ಷದಲ್ಲಿ ಚಿತ್ರ ಬದಲಾಯಿತು. 1953ರಲ್ಲಿ ಲೀಸಾ ಡೆಲ್ಲಾ ಕಾಸಾ ನಿರ್ದೇಶಕ ಕಾರ್ಲ್ ಬ್ಯೋಮ್ ಜೊತೆಗೂ, ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ನಿರ್ದೇಶಕ ಆಟ್ಟೋ ಆಕರ್‌ಮಾನ್ ಜೊತೆಗೂ ಸ್ಟುಡಿಯೋದಲ್ಲಿ ಹಾಡಿದರು. ಸಭಾಂಗಣದಲ್ಲಿ ಗಾಯಕಿ ತನ್ನ ಬಲದಿಂದಲೇ ವಾದ್ಯಗಳನ್ನು ದಾಟಬೇಕು. ಸ್ಟುಡಿಯೋದಲ್ಲಿ ಆ ಹೊಣೆ ಮೈಕ್ರೊಫೋನಿನದು. ಡೆಲ್ಲಾ ಕಾಸಾರ ಹಗುರವಾದ ಸರಾಗ ಗಾಯನ ಇಂದಿಗೂ ಮನಸೆಳೆಯುತ್ತದೆ. ಶ್ವಾರ್ಟ್ಸ್‌ಕಾಫ್ 1965ರಲ್ಲಿ ಜಾರ್ಜ್ ಸೆಲ್ ಜೊತೆ ಮತ್ತೆ ಹಾಡಿದಾಗ ಪದಪದಕ್ಕೂ ಬಣ್ಣ ಹಚ್ಚುತ್ತಾರೆ. ಬಹುಮಂದಿ ಮೆಚ್ಚುವ ಈ ಮುದ್ರಣ ನನಗೆ ಅತಿಯಾಗಿ ತಿದ್ದಿದಂತೆ ತೋರುತ್ತದೆ, 1953ರದೇ ಸಹಜ.

ಹೋಲಿಕೆಗೆ ‘ನಿದ್ದೆಗೆ ಜಾರುವಾಗ’ ಹಾಡು ಉತ್ತಮ ಒರೆಗಲ್ಲು. ನಡುವೆ ಪಿಟೀಲು ಒಂಟಿಯಾಗಿ ನುಡಿಸಿದ ಸ್ವರಮಾಲೆಯನ್ನೇ ಕಂಠ ಎತ್ತಿಕೊಂಡು ಮೇಲಕ್ಕೊಯ್ಯುತ್ತದೆ. ಉಸಿರು ಎಲ್ಲಿ ತೆಗೆದರು, ಏರುತ್ತ ನಾದ ತೆಳುವಾಯಿತೇ, ಪದಗಳು ಉಳಿದವೇ ಎಂಬ ಮೂರೂ ಇಲ್ಲಿ ತಿಳಿಯುತ್ತವೆ. ಕರಾಯನ್ ಜೊತೆಗಿನ 1973ರ ಮುದ್ರಣದಲ್ಲಿ ಗುಂಡುಲಾ ಯಾನೊವಿಟ್ಸ್ ಪಿಟೀಲಿನ ನಾದದಲ್ಲೇ ಬೆರೆತುಹೋಗುತ್ತಾರೆ. ಪದ ಮಸುಕಾಗುತ್ತದೆ, ಸಾಲು ಮಾತ್ರ ಎಲ್ಲೂ ತುಂಡಾಗುವುದಿಲ್ಲ. 1982ರಲ್ಲಿ ಕುರ್ಟ್ ಮಸೂರ್ ಜೊತೆ ಲೈಪ್ಜಿಗ್‌ನಲ್ಲಿ ಹಾಡಿದ ಜೆಸ್ಸಿ ನಾರ್ಮನ್ ಮತ್ತೆ ಭಾರಿ ಕಂಠವನ್ನು ತಂದರು. ಯಾನೊವಿಟ್ಸ್ ಏಳು ನಿಮಿಷದ ಆಸುಪಾಸಿನಲ್ಲಿ ಮುಗಿಸುವ ‘ಸಂಜೆಗೆಂಪಿನಲ್ಲಿ’ ನಾರ್ಮನ್‌ರಲ್ಲಿ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಆ ವಿಳಂಬವನ್ನು ತಾಳಿಕೊಳ್ಳಲು ಅಂಥ ಶ್ವಾಸಬಲವೇ ಬೇಕು.

ಆದರೂ ಗಡಿಯಾರವನ್ನು ಕುರುಡಾಗಿ ನಂಬುವಂತಿಲ್ಲ. ಹಳೆಯ ತಟ್ಟೆಯನ್ನು ನೂರಕ್ಕೆ ಆರರಷ್ಟು ವೇಗವಾಗಿ ತಿರುಗಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ಹಾಡು ಬೇಗ ಮುಗಿಯುತ್ತದೆ, ಕಂಠವೂ ಎಳೆಯದಾಗಿ ಕೇಳಿಸುತ್ತದೆ. ಆದ್ದರಿಂದ ಹಳೆಯ ಮುದ್ರಣದ ಶ್ರುತಿಯನ್ನು ಸ್ವರಲಿಪಿಯೊಡನೆ ತಾಳೆ ನೋಡಿದ ಮೇಲಷ್ಟೇ ನಿಮಿಷಗಳನ್ನು ಎಣಿಸಬೇಕು.

ಇಷ್ಟರಿಂದ ಹಗುರ ಕಂಠಗಳು ಈ ಹಾಡುಗಳಿಗೆ ಹೊರಗಿನವು ಎಂದಾಗದು. ಸ್ಟ್ರೌಸ್ ಬಯಸಿದ ಕಂಠದ ತೂಕ ತಿಳಿಯಲು ಫ್ಲಾಗ್‌ಸ್ಟಾಡ್ ಮುದ್ರಣವೇ ಆಧಾರ. ಆ ಬಗೆಯ ಕಂಠ ನಿರ್ಮಲ ಮುದ್ರಣದಲ್ಲಿ ಹೇಗೆ ಕೇಳಿಸುತ್ತದೆಂದು ತಿಳಿಯಲು ನಾರ್ಮನ್‌ರನ್ನು ಕೇಳಬೇಕು.